ಸಿರುಗುಪ್ಪದ ಭೂಗೋಳ

ಕುರುಗೋಡು
12 ಜೂನ್ 2025

ಅರುಣವ್ವ,

ಇಲ್ಲಿ ನಾನು, ನಿನ್ನ ದೊಡ್ಡಮ್ಮ, ಎರಡು ಎಮ್ಮೆ, ಎಲ್ಲರೂ ಹೊತ್ತುಹೊತ್ತಿಗೆ ಮೇಯ್ದುಕೊಂಡು ಆರಾಮ ಇದ್ದೇವೆ. ಬಳ್ಳಾರಿ ಕಂಟೋನ್ಮೆಂಟಿನ ದೊಡ್ಡ ಮನೆಯಲ್ಲಿ ನೀನು, ನಿನ್ನಪ್ಪ, ನಿನ್ನವ್ವ ಹೇಗಿದ್ದೀರಿ?

ಫೋನು ಬಿಟ್ಟು ಕಾಗದ ಬರೆಯುತ್ತಾನಲ್ಲ ದೊಡ್ಡಪ್ಪ ಎಂದು ನಗಬೇಡ. ಈ ಫೋನು ಕೆಟ್ಟಿದೆ. ಇದರ ಹಿಂದಿನದೂ ಕೆಟ್ಟಿತ್ತು. ಕಿವಿಗೆ ಹಿಡಿದರೆ ಒಳಗೆ ಯಾರೋ ಗೋಣಿಚೀಲ ಎಳೆದಂತೆ ಸದ್ದು. ಫೋನಷ್ಟೇ ಅಲ್ಲ, ಜನರೂ ಕೆಟ್ಟಿದ್ದಾರೆ. ಈಚೆಗೆ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ನಾನು ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮಷಿನ್ ಮುಂದೆ ನಿಂತು ಒಂದು ಮಾತಾಡಿದರೆ ಗೇಟಿನ ಆಚೆ ನಿಂತ ಲಾರಿ ಡ್ರೈವರು ತಿರುಗಿ ನೋಡುತ್ತಾನೆ. ದನಿ ಅಂದರೆ ಅದು.

ನೀನು ಪಿಯುಸಿ ಪಾಸಾದರೂ ಬೇಕಾದ ಕೋರ್ಸು ಸಿಗಲಿಲ್ಲ, ಒಂದು ವರ್ಷ ಮನೆಯಲ್ಲಿದ್ದು ಇನ್ನೊಮ್ಮೆ ಪರೀಕ್ಷೆ ಕಟ್ಟುತ್ತೀ, ಅದರ ಜತೆಗೆ ಓಪನ್ ಸ್ಕೂಲಿನಲ್ಲಿ ಹೊಸದೊಂದು ವಿಷಯ ಓದುತ್ತೀ ಎಂದು ನಿನ್ನಪ್ಪ ಹೇಳಿ ಕಳಿಸಿದ. ಯಾವ ವಿಷಯ ಎಂದು ನನ್ನನ್ನು ಕೇಳದೆ ಹೇಗೆ ತೀರ್ಮಾನ ಮಾಡುತ್ತೀರಿ? ನಾನು ಓದಿದ್ದು ನಮ್ಮೂರ ಸಾಲಿಯಲ್ಲಿ ಏಳನೇ ಕ್ಲಾಸು. ಆದರೆ ಆಗಿನ ಏಳನೇ ಕ್ಲಾಸು ಅಂದರೆ ಈಗಿನ ಡಿಗ್ರಿ ನಾಚಬೇಕು.

ಸಂಸ್ಕೃತ ತಗೊಂಡರೆ ಮದುವೆಮನೆಯಲ್ಲಿ ಅಯ್ಯನವರು ಮಂತ್ರ ನುಂಗಿದರೆ ಹಿಡಿಯಬಹುದು. ಇತಿಹಾಸ ತಗೊಂಡರೆ ನಮ್ಮ ಗುಡ್ಡದ ಮೇಲೆ ಕೋಟೆಯೇ ಇದೆ, ಪುಸ್ತಕ ಬೇಡ. ಜೀವಶಾಸ್ತ್ರ ತಗೊಂಡರೆ ಮೇಷ್ಟ್ರು ನಾನೇ. ಎಮ್ಮೆ ಈಯಲು ಒದ್ದಾಡಿದಾಗ ಡಾಕ್ಟರು ಬರುವ ಮೊದಲೇ ಕರು ಹೊರಗೆ ತೆಗೆದವನು ಯಾರು? ಆ ಡಾಕ್ಟರು ನನ್ನ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಕರು ತೆಗೆದದ್ದು ತಾನು, ನಾನು ಬರೀ ಲಾಟೀನು ಹಿಡಿದಿದ್ದೆ ಎಂದು ಬರೆಯಲು ನಿನ್ನ ದೊಡ್ಡಮ್ಮ ಪಕ್ಕದಲ್ಲಿ ಕೂತು ಕೂಗುತ್ತಿದ್ದಾಳೆ. ಕಾಗದದಲ್ಲಿ ಅಷ್ಟು ಜಾಗ ಇಲ್ಲ.

ಬಸ್ಸಿನಲ್ಲಿ ಸೀಟು ಹಿಡಿಯುವುದಕ್ಕೊಂದು ಪರೀಕ್ಷೆ ಇದ್ದಿದ್ದರೆ ನಾನು ರಾಜ್ಯಕ್ಕೇ ಫಸ್ಟು. ನೆನಪಿದೆಯಾ? ಬಸ್ಸು ನಿಲ್ಲುವುದರೊಳಗೆ ಕಿಟಕಿಯಿಂದ ಟವಲ್ಲು ಒಗೆದು, ಅದರ ಹಿಂದೆ ನಿನ್ನನ್ನೂ ಎತ್ತಿ ಒಳಗೆ ಬಿಡುತ್ತಿದ್ದೆ. ನೀನು ಟವಲ್ಲಿನ ಮೇಲೆ ಮಹಾರಾಣಿ ಹಂಗೆ ಕೂತು, "ಇದು ನಮ್ಮ ದೊಡ್ಡಪ್ಪಂದು" ಎಂದು ಬಂದವರಿಗೆಲ್ಲ ಬೈಯುತ್ತಿದ್ದಿ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಮೇಲೆ ಸಿರುಗುಪ್ಪದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ನನ್ನ ಟವಲ್ಲು ಸೋತಿಲ್ಲ.

ಬೇಗ ಬರಿ. ಕಾಗದ ಬಂದ ದಿನ ಅಂಜಿನಪ್ಪನ ಅಂಗಡಿ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳುತ್ತೇನೆ. ಊರಿಗೆ ಗೊತ್ತಾಗಲಿ, ನಮ್ಮ ಹುಡುಗಿ ಹೇಗೆ ಬರೆಯುತ್ತಾಳೆ ಎಂದು.

ನಿನ್ನ ದೊಡ್ಡಪ್ಪ
ದೊಡ್ಡಬಸವರಾಜ


ಬಳ್ಳಾರಿ, ಕಂಟೋನ್ಮೆಂಟ್
24 ಜೂನ್ 2025

ದೊಡ್ಡಪ್ಪಾ,

ಈ ಕಾಗದವನ್ನು ಕಟ್ಟೆಯ ಮೇಲೆ ಓದಬೇಡ. ಮೊದಲೇ ಹೇಳಿದ್ದೇನೆ.

ವಿಷಯ ಆರಿಸಿದೆ. ಭೂಗೋಳ. ಅಪ್ಪ ಜೀವಶಾಸ್ತ್ರವೇ ಸರಿ, ಮುಂದೆ ನಾಲ್ಕು ಬಾಗಿಲು ತೆರೆಯುತ್ತವೆ ಎಂದ. ಎರಡು ದಿನ ನಾನು ಸರಿಯಾಗಿ ಊಟ ಮಾಡದಿದ್ದ ಮೇಲೆ, "ಆತು ತಗೋ, ಭೂಗೋಳ ಓದಿ ನದಿ ಎಣಿಸು" ಎಂದು ಅರ್ಜಿ ಹಾಕಿದ. ಅವ್ವ ನನ್ನ ಹತ್ತಿರ ಜಾಸ್ತಿ ಮಾತಾಡುವುದಿಲ್ಲ, ಹೆದರುತ್ತಾಳೆ ಅನ್ನಿಸುತ್ತದೆ. ಅಪ್ಪನ ವರ್ಗಾವರ್ಗಿ ಮುಗಿಯುವವರೆಗೆ ನಿಮ್ಮ ಹತ್ತಿರ ಬಿಟ್ಟಿದ್ದ ಮಗಳು ಹತ್ತನೇ ಕ್ಲಾಸು ಮುಗಿಸಿಕೊಂಡು ಬಂದಳಲ್ಲ, ಅವಳಿಗೆ ಏನು ಇಷ್ಟವೋ ಏನೋ ಎಂದು ಇವತ್ತಿಗೂ ಕೇಳಿ ಕೇಳಿ ಅಡುಗೆ ಮಾಡುತ್ತಾಳೆ. ಮೊನ್ನೆ ಬಾಯಿತಪ್ಪಿ, "ದೊಡ್ಡಮ್ಮ ಹಿಂಗ ಮಾಡಂಗಿಲ್ಲ" ಅಂದುಬಿಟ್ಟೆ. ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು. ಆಮೇಲೆ ಕಣ್ಣು ಒರೆಸಿಕೊಂಡು ಬಂದು ನನಗೇ ಬಡಿಸಿದಳು. ಅವತ್ತಿನಿಂದ ಕುರುಗೋಡು ಎಂಬ ಮಾತನ್ನೇ ನಾನು ಈ ಮನೆಯಲ್ಲಿ ಎತ್ತುವುದಿಲ್ಲ.

ಭೂಗೋಳಕ್ಕೆ ಪ್ರಾಕ್ಟಿಕಲ್ ಇದೆ. ತನಗೆ ಗೊತ್ತಿರುವ ಊರಿನ ನಕಾಶೆ ಬರೆಯಬೇಕು. ಬಳ್ಳಾರಿಯದು ಬರೆಯಲು ಕೂತೆ, ಕೈ ನಮ್ಮ ಓಣಿಯನ್ನೇ ಬರೆಯಿತು. ಗುಡ್ಡ ಬಂತು, ಅಂಜಿನಪ್ಪನ ಅಂಗಡಿ ಬಂತು, ನಮ್ಮ ಮನೆಯ ಕೊಟ್ಟಿಗೆ ಬಂತು. ಬೇವಿನ ಮರ ಕೊಟ್ಟಿಗೆಯ ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಎಷ್ಟು ಹೊತ್ತು ಕೂತರೂ ಆಗಲಿಲ್ಲ, ದೊಡ್ಡಪ್ಪಾ. ಪೆನ್ಸಿಲ್ ಇಟ್ಟುಬಿಟ್ಟೆ.

ಒಂದೇ ತೊಂದರೆ. ಭೂಗೋಳದ ಕ್ಲಾಸು ಬಳ್ಳಾರಿಯಲ್ಲಿಲ್ಲ, ಸಿರುಗುಪ್ಪದ ಸೆಂಟರಿನಲ್ಲಿ. ಸೆಪ್ಟೆಂಬರಿನಿಂದ ಶುರು, ಪ್ರತಿ ಶನಿವಾರ ಭಾನುವಾರ, ಬೆಳಿಗ್ಗೆ ಬೇಗ. ಇಲ್ಲಿಂದ ಆ ಹೊತ್ತಿಗೆ ಹೋಗಿ ಮುಟ್ಟುವುದು ಬಹಳ ಕಷ್ಟ. ರಾತ್ರಿ ಅಲ್ಲೇ ಹತ್ತಿರ ಎಲ್ಲಾದರೂ ಉಳಿದುಕೊಂಡರೆ ಸರಿಯಾಗುತ್ತದೆ, ಆದರೆ ಎಲ್ಲಿ ಉಳಿಯಬೇಕು? ನನಗೆ ತಿಳಿಯುತ್ತಿಲ್ಲ. ಇದನ್ನು ದೊಡ್ಡವರಾದ ನೀವು ಯಾರಾದರೂ ಅಪ್ಪ ಅವ್ವನಿಗೆ ಹೇಳಿದರೆ ಚೆನ್ನಾಗಿರುತ್ತದೆ. ಏನು ಮಾಡಲಿ, ನೀನೇ ಹೇಳು.

ಅರುಣಾ


ಕುರುಗೋಡು
2 ಜುಲೈ 2025

ಅರುಣವ್ವ,

ಕಟ್ಟೆಯ ಮೇಲೆ ಓದಲಿಲ್ಲ. ಅಂಗಡಿಯ ಒಳಗೆ ಕೂತು ಓದಿದೆ. ಕಟ್ಟೆಯ ಮೇಲಿದ್ದವರು ತಾವಾಗಿಯೇ ಕೇಳಿಸಿಕೊಂಡರೆ ಅದು ನನ್ನ ತಪ್ಪಲ್ಲ. ಸೌಟಿನ ಮಾತು ಬಂದಾಗ ಮಾತ್ರ ಕೆಮ್ಮಿ ದಾಟಿಸಿದೆ.

"ಪಾಪ, ಆ ಹೊತ್ತಿನ್ಯಾಗ ಬಸ್ ಹಿಡಿಯೋದಂದ್ರ ಹುಡುಗಿ ಸಾಯ್ತೈತಿ" ಎಂದು ಅಂಜಿನಪ್ಪ ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಅಲ್ಲಿದ್ದವರೆಲ್ಲ ಹೌದು ಹೌದೆಂದರು. ಬಳ್ಳಾರಿಯ ಫ್ಯಾನಿನ ಕೆಳಗೆ ಓದಬೇಕಾದ ಹುಡುಗಿ ಮುಂಜಾಲೆ ಎದ್ದು ಸಿರುಗುಪ್ಪದ ಧೂಳು ಕುಡಿಯಬೇಕೇ?

"ನೀನೇ ಹೇಳು" ಎಂದು ಬರೆದಿದ್ದೀಯಲ್ಲ, ಆ ಒಂದು ಮಾತಿಗೆ ನನ್ನ ಎದೆ ಗುಡ್ಡದಷ್ಟಾಗಿದೆ. ಸುಮ್ಮನೆ ಕೂತಿರು. ನಿನ್ನ ದೊಡ್ಡಪ್ಪನ ಹೆಸರು ಹೇಳಿದರೆ ಸಿರುಗುಪ್ಪದಲ್ಲಿ ಮುಚ್ಚಿದ ಆಫೀಸೂ ತೆರೆಯುತ್ತದೆ. ಮಿಲ್ಲಿನ ಮಾಲೀಕರಿಗೆ ಆ ಸೆಂಟರಿನವರ ಪರಿಚಯ ಇದೆ. ಇನ್ನು ಈ ಕೆಲಸ ನನಗೆ ಬಿಡು.

ಬೇವಿನ ಮರದ ಚಿಂತೆ ಯಾಕೆ? ಮರ ಎಲ್ಲಿಗೂ ಹೋಗುವುದಿಲ್ಲ.

ದೊಡ್ಡಪ್ಪ


ಬಳ್ಳಾರಿ
9 ಜುಲೈ 2025

ದೊಡ್ಡಪ್ಪಾ,

ನಿನ್ನ ಕಾಗದ ಈಗ ಬಂತು. ಏನೂ ಮಾಡಬೇಡ. ಯಾರ ಹತ್ತಿರವೂ ಹೋಗಬೇಡ. ಸಿರುಗುಪ್ಪ ನನಗೆ ಕಷ್ಟವಲ್ಲ. ನಾನು ಬರೆದದ್ದನ್ನು ಇನ್ನೊಮ್ಮೆ ಓದು, ಒಬ್ಬನೇ ಓದು. ಅಥವಾ ದೊಡ್ಡಮ್ಮನಿಗೆ ಓದಿ ಹೇಳು.

ಅರುಣಾ


ಕುರುಗೋಡು
9 ಜುಲೈ 2025

ಅರುಣವ್ವ,

ಗೆದ್ದೆ!

ನಿನ್ನೆ ಮಿಲ್ಲಿನಿಂದ ನೇರ ಸೆಂಟರಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗ ಏನೇನೋ ಗೊಣಗಿದ. ನಾನು ಮಿಲ್ಲಿನ ದನಿ ತೆಗೆದೆ. ಅವನು ಹೆದರಿ ಒಂದು ಚೀಟಿಯ ಮೇಲೆ ಬರೆದುಕೊಟ್ಟ: ತಂದೆ ಒಪ್ಪಿದರೆ ಆಗಸ್ಟ್ ಕೊನೆಯವರೆಗೆ ಸೆಂಟರು, ವಿಷಯ ಎರಡೂ ಬದಲಿಸಬಹುದು. ಊರಿಗೆ ಬಂದವನೇ ಅಂಜಿನಪ್ಪನ ಕೈಯಲ್ಲಿ ನಿನ್ನಪ್ಪನಿಗೆ ಫೋನು ಮಾಡಿಸಿ, "ಹುಡುಗಿಗೆ ಸಿರುಗುಪ್ಪ ಬಹಳ ತ್ರಾಸ ಆಗತೈತಂತ, ಬಳ್ಳಾರಿಗೇ ಹಾಕಿಸಪ" ಎಂದು ಹೇಳಿಸಿದೆ. ನಿನ್ನಪ್ಪನಿಗೆ ಕುಣಿಯುವಷ್ಟು ಖುಷಿ. ಬಳ್ಳಾರಿಯಲ್ಲಿ ಭೂಗೋಳ ಇಲ್ಲವಂತೆ. ಕೌಲ್ ಬಜಾರಿನ ಸೆಂಟರಿನಲ್ಲಿ ಜೀವಶಾಸ್ತ್ರ ಇದೆ, ಇವತ್ತೇ ಬದಲಿಸುತ್ತೇನೆ ಎಂದನಂತೆ. ಮನೆಯಿಂದ ಆಟೋದಲ್ಲಿ ಹೋಗಿ ಆಟೋದಲ್ಲಿ ಬರಬಹುದು. ಕಾಲಿಗೆ ಮಣ್ಣು ಹತ್ತುವುದಿಲ್ಲ.

ನಾಲ್ಕು ಬಾಗಿಲು ತೆರೆಯುವ ವಿಷಯ, ಮನೆಯ ಹತ್ತಿರ. ಈಗ ಹೇಳು, ನಿನ್ನ ದೊಡ್ಡಪ್ಪನಂಥವರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ?

ದೊಡ್ಡಬಸವರಾಜ


ಬಳ್ಳಾರಿ
20 ಜುಲೈ 2025

ದೊಡ್ಡಪ್ಪನವರಿಗೆ ನಮಸ್ಕಾರಗಳು.

ಜೀವಶಾಸ್ತ್ರದ ಪುಸ್ತಕಗಳು ಬಂದಿವೆ. ನೀವು ಮಾಡಿದ ಸಹಾಯಕ್ಕೆ ಧನ್ಯವಾದಗಳು. ದೊಡ್ಡಮ್ಮನಿಗೆ ಕೇಳಿದೆನೆಂದು ಹೇಳಿ.

ಅರುಣಾ


ಕುರುಗೋಡು
30 ಜುಲೈ 2025

ಅರುಣವ್ವ,

ನನಗೆ 'ನೀವು' ಎಂದು ಬರೆದಿದ್ದೀ. ನಾನೇನು ತಹಸೀಲ್ದಾರನೇ? ಧನ್ಯವಾದ ಬೇರೆ ಹೇಳಿದ್ದೀ. ಆ ಮಾತನ್ನು ಮಿಲ್ಲಿನ ಸಭೆಯಲ್ಲಿ ಹಾರ ಹಾಕಿದ ಮೇಲೆ ಹೇಳುವುದನ್ನು ಕೇಳಿದ್ದೇನೆ, ಮನೆಯವರು ಹೇಳಿದ್ದನ್ನು ಕೇಳಿಲ್ಲ. ಪಟ್ಟಣದ ಓದು ಅಂದರೆ ಇದೇ ಇರಬೇಕು ಎಂದುಕೊಂಡು ಖುಷಿಪಡಲು ನೋಡಿದೆ, ಆಗಲಿಲ್ಲ.

ಆ ಕಾಗದವನ್ನು ಕಟ್ಟೆಗೆ ಒಯ್ಯಲಿಲ್ಲ. ಅಂಜಿನಪ್ಪ ಕೇಳಿದ, ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದೆ.

ನಿನ್ನೆ ಪಂಚಮಿ ಆಯಿತು. ಜೋಕಾಲಿ ಕಟ್ಟಬೇಡ, ಯಾರು ಕೂಡ್ತಾರ ಎಂದಳು ನಿನ್ನ ದೊಡ್ಡಮ್ಮ. ಆದರೂ ಕಟ್ಟಿದೆ. ಓಣಿಯ ಹುಡುಗಿಯರು ಬಂದು ಜೀಕಿ, ಉಂಡಿ ತಿಂದು ಹೋದರು. ಸಂಜೆ ಎಮ್ಮೆಯ ಕೋಡು ಹಗ್ಗಕ್ಕೆ ಸಿಕ್ಕಿ ರಂಪ ಮಾಡಿತು. ಜೋಕಾಲಿ ಇನ್ನೂ ಬಿಚ್ಚಿಲ್ಲ. ಗಾಳಿಗೆ ಅದರಷ್ಟಕ್ಕೆ ಅದು ಆಡುತ್ತಿರುತ್ತದೆ.

ಕ್ಲಾಸು ಹೇಗಿರುತ್ತದಂತೆ? ಕಪ್ಪೆ ಕೊಯ್ಯಿಸುತ್ತಾರಾ? ಬರಿ.

ದೊಡ್ಡಪ್ಪ


ಕುರುಗೋಡು
14 ಆಗಸ್ಟ್ 2025

ಅರುಣವ್ವ,

ನಿನ್ನ ಕಾಗದ ಬರಲಿಲ್ಲ.

ಮೊನ್ನೆ ಉಂಡು ಕೂತಾಗ ನಿನ್ನ ದೊಡ್ಡಮ್ಮ, "ಅಕಿ ಬರದದ್ದೆಲ್ಲಾ ತರ್ರಿ, ಓದ್ರಿ" ಎಂದಳು. ಓದಿದೆ. ಸಿರುಗುಪ್ಪದ ಕಾಗದ ಮುಗಿದಾಗ, ಇನ್ನೊಮ್ಮೆ ಓದಿಸಿದಳು. ಕೆಮ್ಮಲು ಬಿಡಲಿಲ್ಲ.

"ಏನು ತಿಳೀತು ನಿಮಗ?" ಅಂದಳು.

"ಬಸ್ಸಿನ ತ್ರಾಸ ಬರದಾಳ" ಅಂದೆ.

"ಬಸ್ಸಿನ ತ್ರಾಸ ನಿಮಗ್ಯಾಕ ಬರೀತಾಳ? ಬಸ್ ಡಿಪೋದವ್ರಿಗೆ ಬರೀತಿದ್ಲು. ರಾತ್ರಿ ಎಲ್ಲಿ ಉಳೀಲಿ ಅಂತ ಕೇಳ್ಯಾಳ. ಸಿರುಗುಪ್ಪದ ದಾರ್ಯಾಗ ಅಕಿಗೆ ಬ್ಯಾರೆ ಯಾರ ಮನಿ ಐತ್ರಿ?"

ನಾನು ಕಾಗದವನ್ನು ತಿರುಗಿಸಿ ನೋಡಿದೆ.

"ಹುಡುಗಿ ಈ ಮನಿಗೆ ಬರಾಕ ಒಂದು ದಾರಿ ಹುಡುಕ್ಯಾಳ. ನೀವು ಊರಿಗೆಲ್ಲಾ ಡಂಗುರ ಹೊಡಕೊಂಡು ಹೋಗಿ ಆ ದಾರಿಗೆ ಮುಳ್ಳು ಹಚ್ಚಿ ಬಂದೀರಿ."

ಅವಳು ಎದ್ದು ಹೋದ ಮೇಲೆ ಒಬ್ಬನೇ ಕೂತು ಮತ್ತೆ ಓದಿದೆ. ಅದೇ ಕಾಗದ. ಅಷ್ಟು ದೊಡ್ಡದಾಗಿ ಬರೆದಿದ್ದೀ, ನನಗೆ ಕಾಣಲಿಲ್ಲ. ನಾನು ಓದುವಾಗ ನನ್ನ ದನಿಯನ್ನೇ ಕೇಳುತ್ತಿದ್ದೆ.

ಬೇವಿನ ಮರ ಕೊಟ್ಟಿಗೆಯ ಬಲಕ್ಕಿದೆ. ಅದರ ಕೆಳಗೆ ನೀನು ಸಣ್ಣವಳಿದ್ದಾಗ ಹೂತಿಟ್ಟ ಗಾಜಿನ ಬಳೆಚೂರುಗಳು ಈಗಲೂ ಮಳೆ ಬಂದರೆ ಮೇಲೇಳುತ್ತವೆ.

ಅಮಾಸಿ ದಿನ ಮಿಲ್ಲು ಬಂದ್. ಬಳ್ಳಾರಿಗೆ ಬರುತ್ತೇನೆ. ಆಗಸ್ಟ್ ಇನ್ನೂ ಮುಗಿದಿಲ್ಲ. ನಿನ್ನವ್ವನ ಹತ್ತಿರ ನಾನೇ ಮಾತಾಡುತ್ತೇನೆ. ಅವಳು ಒಪ್ಪದೆ ನಿನ್ನನ್ನು ಕಳಿಸಬಾರದು, ಕಳಿಸಿದರೂ ನೀನು ಬರಬಾರದು. ಆ ಸೌಟಿನ ಮಾತನ್ನು ನಾನು ಮರೆತಿಲ್ಲ.

ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ.

ದೊಡ್ಡಪ್ಪ


ಬಳ್ಳಾರಿ
25 ಆಗಸ್ಟ್ 2025

ದೊಡ್ಡಪ್ಪಾ,

ಮೊನ್ನೆ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ನಿನಗೇ ಬರೆಯಬೇಕಾಗಿದೆ. ನೀನು ಅಲ್ಲೇ ಕೂತಿದ್ದಿ, ಆದರೂ ಬರೆಯಬೇಕಾಗಿದೆ.

ನೀನು ಒಳಗೆ ಬಂದಾಗ ನನಗೆ ಹೆದರಿಕೆಯಾಯಿತು. ಇನ್ನೇನು ಮಿಲ್ಲು, ಮಾಲೀಕರು, ಪರಿಚಯ ಎಂದು ಶುರು ಮಾಡುತ್ತೀ, ಅವ್ವನ ಮುಖ ಗಂಟಾಗುತ್ತದೆ ಎಂದುಕೊಂಡೆ. ನೀನು ಸೋಫಾದ ತುದಿಯಲ್ಲಿ ಕೂತು, ಟವಲ್ಲನ್ನು ತೊಡೆಯ ಮೇಲೆ ಮಡಚಿ ಮಡಚಿ, ಮಿಲ್ಲಿನ ದನಿಯಲ್ಲಿ ಅವ್ವನಿಗೆ ಕೂಗಿದಿ:

"ಸುನಂದವ್ವ, ನನಗ ಕಿವಿ ಕೇಳಂಗಿಲ್ಲ. ಮಷಿನ್ ತಿಂದುಬಿಟ್ಟೈತಿ. ಫೋನು ಕೆಟ್ಟೈತಿ ಅಂತ ಊರಿಗೆಲ್ಲಾ ಹೇಳ್ಕೋತ ಅದೀನಿ, ಫೋನು ಚಂದ ಐತಿ. ಒಮ್ಮಿ ಬಸ್ಸಿನ್ಯಾಗ ಸಿರುಗುಪ್ಪ ಸಿರುಗುಪ್ಪ ಅಂತ ಒದರಿದ್ರೂ ಕೇಳದ, ಮುಂದಿನ ಹಚ್ಚೊಳ್ಳಿತನಕ ಹೋಗಿಬಿಟ್ಟೆ. ಹುಡುಗಿ ವಾರಕ್ಕೆರಡು ದಿನ ಜತಿಗಿದ್ರ ನನಗೊಂದು ಧೈರ್ಯ. ಓದಾಕಂತ ಕಳಸಬ್ಯಾಡ. ನನಗ ಬೇಕಾಗ್ಯಾಳ ಅಂತ ಕಳಸು. ನಿನ್ನ ಮಗಳನ್ನ ನಿನ್ನ ಕೇಳಿ ಒಯ್ತೀನವ್ವ."

ಪಕ್ಕದ ಮನೆಯ ಮೀನಾ ಆಂಟಿ ಗೇಟಿನವರೆಗೆ ಬಂದು ನಿಂತರು. ಇಡೀ ಕಂಟೋನ್ಮೆಂಟಿಗೆ ನಿನ್ನ ಕಿವಿಯ ಸುದ್ದಿ ಗೊತ್ತಾಯಿತು.

ಆಮೇಲೆ ಅವ್ವ ತಲೆ ತಗ್ಗಿಸಿ ಮಾತಾಡಿದಳು. ನೀನು ಹೌದವ್ವ, ಹೌದವ್ವ, ತಿಳೀತು ಎಂದಿ. ಅವಳ ಕಣ್ಣಲ್ಲಿ ನೀರು ಬಂದದ್ದಷ್ಟೇ ನಿನಗೆ ಕಂಡಿತು, ಎದ್ದುಬಿಟ್ಟಿ. ಚಹಾ ಅಲ್ಲೇ ಆರಿತು. ನಾನು ಗೇಟಿನವರೆಗೆ ಓಡಿಬಂದು ದೊಡ್ಡಪ್ಪಾ ಎಂದು ಕೂಗಿದೆ. ನೀನು ತಿರುಗಿ ನೋಡಲಿಲ್ಲ, ಆಟೋ ಹತ್ತಿ ಹೋದಿ. ನಿನಗೆ ಕೇಳುವುದಿಲ್ಲ ಎಂಬುದು ನನಗೆ ಅಷ್ಟೊತ್ತು ಬರೀ ಮಾತಾಗಿತ್ತು. ಆಗ ನಿಜವಾಯಿತು.

ಅವ್ವ ಹೇಳಿದ್ದು ಇದು. ಒಂದು ಮಾತೂ ಬಿಡದೆ ಬರೆಯುತ್ತಿದ್ದೇನೆ:

"ಬಾವಾರ, ನನಗ ಹೊಟ್ಟಿಕಿಚ್ಚಿಲ್ಲ ಅಂದ್ರ ಸುಳ್ಳಾಗತೈತಿ. ಎರಡು ವರ್ಷ ಆತು, ನನ್ನ ಮಗಳು ನನ್ನ ಮುಂದ ಒಮ್ಮಿನೂ ಬಾಯಿ ತುಂಬ ನಕ್ಕಿಲ್ಲ. ಇವತ್ತು ನಿಮ್ಮ ದನಿ ಓಣ್ಯಾಗ ಕೇಳಿದ ಕೂಡಲೇ ನಕ್ಕಾಳ. ಕಟ್ಟಿಹಾಕಿ ಇಟಗೊಂಡು ನಾನು ಅವ್ವ ಅನ್ನಿಸಿಕೊಳ್ಳಂಗಿಲ್ಲ. ಶುಕ್ರವಾರ ಸಂಜಿಗೆ ಕಳಸ್ತೀನಿ. ಸೋಮವಾರ ಮುಂಜಾಲೆ ನನಗ ವಾಪಸ್ ಕೊಡ್ರಿ. ಅಷ್ಟು ನಡಸಿ ಕೊಡ್ರಿ."

ಇದಕ್ಕೆ ನೀನು ಮುಖ ಬಾಡಿಸಿಕೊಂಡು ಹೊರಟುಹೋದಿ! "ನಾ ಏನು ತಪ್ಪು ಅಂದೆ? ಬಾವಾರು ಯಾಕ ಸಿಟ್ಟಾಗಿ ಹೋದ್ರು?" ಎಂದು ಅವ್ವ ರಾತ್ರಿಯೆಲ್ಲ ಕೇಳಿದಳು. ಸಿಟ್ಟಲ್ಲ, ಕೇಳಿಲ್ಲ ಎಂದು ನಾನು ಹೇಳಿದಾಗ ಬಾಯಿಗೆ ಸೆರಗು ಹಿಡಿದು ಅತ್ತಳು. ಆಮೇಲೆ ನಕ್ಕಳು. ನಾನೂ ನಕ್ಕೆ. ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು ಅನ್ನಿಸುತ್ತದೆ.

ಅಂಜಿನಪ್ಪನಿಗೆ ಫೋನು ಮಾಡಿ ಹೇಳಿಸಬಹುದಿತ್ತು. ಆದರೆ ಇದು ಕಟ್ಟೆಯ ಮೇಲೆ ಕೂಗಿ ಹೇಳುವ ಮಾತಲ್ಲ.

ಅಪ್ಪ ಗೊಣಗುತ್ತ ಭೂಗೋಳಕ್ಕೆ ಬದಲಿಸಿದ. "ನಿಮ್ಮ ದೊಡ್ಡಪ್ಪ ಇನ್ನೊಂದು ಸಲ ಸಹಾಯ ಮಾಡಾಕ ಬರೋದ್ರಾಗ ಕ್ಲಾಸು ಶುರು ಆಗ್ಲಿ" ಎಂದ. ಸೆಪ್ಟೆಂಬರ್ ಆರು, ಶನಿವಾರ ಮೊದಲ ಕ್ಲಾಸು. ಐದರ ಸಂಜೆ ಬರುತ್ತೇನೆ. ಜೋಕಾಲಿ ಬಿಚ್ಚಿಬಿಟ್ಟೆಯಾ?

ನಿನ್ನ ಅರುಣಿ


ಕುರುಗೋಡು
29 ಆಗಸ್ಟ್ 2025

ಲೇ ಅರುಣಿ,

ನಿನ್ನ ಕಾಗದವನ್ನು ಬಾಗಿಲು ಹಾಕಿಕೊಂಡು ಓದಿದೆ. ನಿನ್ನ ದೊಡ್ಡಮ್ಮ ಹೊರಗಿನಿಂದ ಬಾಗಿಲು ಬಡಿದಳಂತೆ, ನನಗೆ ಹೇಗೆ ಕೇಳಬೇಕು? ಕಿಟಕಿಯಲ್ಲಿ ಮುಖ ಇಟ್ಟಾಗ ಗೊತ್ತಾಯಿತು. ಆಮೇಲೆ ಇಬ್ಬರೂ ಕೂತು ನಿನ್ನವ್ವನ ಮಾತನ್ನಷ್ಟೇ ಮತ್ತೆ ಓದಿದೆವು. ನಿನ್ನ ದೊಡ್ಡಮ್ಮ ಎದ್ದು ಹೋಗಿ ಉಂಡಿಗೆ ಶೇಂಗಾ ಹುರಿಯತೊಡಗಿದಳು. ಅದರಲ್ಲಿ ಅರ್ಧ ಸುನಂದವ್ವನಿಗೆ. ಸೋಮವಾರ ನೀನೇ ಒಯ್ಯಬೇಕು, ದಾರಿಯಲ್ಲಿ ತಿನ್ನಬಾರದು.

ನಿನ್ನವ್ವನಿಗೆ ಹೇಳು, ಸೋಮವಾರ ಮುಂಜಾನೆಯ ಮೊದಲ ಬಸ್ಸಿಗೆ ಮಗಳನ್ನು ನಾನೇ ಹತ್ತಿಸುತ್ತೇನೆ. ಬಸ್ಸು ಬಿಟ್ಟ ಮೇಲೂ ಕೈ ಬೀಸುತ್ತ ನಿಂತಿರುತ್ತೇನೆ, ಅಷ್ಟಕ್ಕೆ ಅವಳು ಸಿಟ್ಟಾಗಬಾರದು. ಜೋಕಾಲಿ ಬಿಚ್ಚಿಲ್ಲ. ಎಮ್ಮೆಯನ್ನೇ ಬೇರೆ ಕಡೆ ಕಟ್ಟಿದ್ದೇನೆ.

ಭೂಗೋಳದಲ್ಲಿ ನಿನಗೆ ಏನು ಕಷ್ಟ ಬಂದರೂ ನನ್ನನ್ನು ಕೇಳು. ಗುಡ್ಡ ಹತ್ತಿ ನಿಂತರೆ ಮೂರು ತಾಲೂಕು ಬೆರಳಲ್ಲಿ ತೋರಿಸುತ್ತೇನೆ. ಕಾಲುವೆ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಎಂಬುದು ನಿನ್ನ ಮೇಷ್ಟ್ರಿಗೂ ನನ್ನಷ್ಟು ಗೊತ್ತಿರಲಿಕ್ಕಿಲ್ಲ.

ಒಂದು ಮಾತು ನಿನಗೆ ಹೇಳಿರಲಿಲ್ಲ. ನೀನು ಬಳ್ಳಾರಿಗೆ ಹೋದಾಗಿನಿಂದ ನನ್ನ ಟವಲ್ಲು ಬಸ್ಸಿನಲ್ಲಿ ಎರಡು ಸೀಟು ಹಿಡಿಯುತ್ತದೆ. ಕೈಯ ರೂಢಿ, ಏನು ಮಾಡುವುದು? ಕಂಡಕ್ಟರ್ ಕರಿಬಸವ, "ಇನ್ನೊಂದು ಯಾರಿಗೆ ಯಜಮಾನ್ರ?" ಎಂದು ಕೇಳುತ್ತಾನೆ. ನನಗೆ ಕೇಳಿಸುವುದಿಲ್ಲ, ಬಾಯಿ ನೋಡಿ ತಿಳಿಯುತ್ತದೆ. "ಬರ್ತಾರ" ಎನ್ನುತ್ತೇನೆ. ಬಸ್ಸು ಹೊರಟ ಮೇಲೆ ಯಾವುದಾದರೂ ಮುದುಕಿಗೆ ಬಿಟ್ಟುಕೊಡುತ್ತೇನೆ. ಆರನೇ ತಾರೀಖು ಅವನು ಕೇಳಲಿ.

ಮಾರು ದೂರದಿಂದಲೇ ಟವಲ್ಲು ಒಗೆಯುತ್ತೇನೆ, ನೀನು ನಿಂತು ನೋಡು. ಕಿಟಕಿಯಿಂದ ನಿನ್ನನ್ನು ಎತ್ತಿ ಹಾಕುವುದು ಈಗ ಆಗಲಿಕ್ಕಿಲ್ಲ, ಬಾಗಿಲಿನಿಂದಲೇ ಹತ್ತು. ಎಡಗಡೆಯ ಸೀಟು ಹಿಡಿಯುತ್ತೇನೆ, ಕಿಟಕಿಯ ಪಕ್ಕ ನೀನು, ಈ ಕಡೆ ನಾನು. ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಎರಡು ವರ್ಷದ್ದೆಲ್ಲ ಸಿರುಗುಪ್ಪ ಬರುವುದರೊಳಗೆ ಅದರಲ್ಲಿ ಹೇಳು.

ನಿನ್ನ ದೊಡ್ಡಪ್ಪ